ಸುಕ್ಕಿನ ಸೂಜಿ ಮತ್ತು ಬೀಗರ ಆಯಿ

ಜಮಖಂಡ್ಯಾಗ ಚರ್ಮದ ಡಾಕ್ಟರ್ ಬಾಯಾರ ದವಾಖಾನ್ಯಾಗ ನಾನು ನರ್ಸ್. ಮೊದಲ ಬರೇ ಗಜಕರ್ಣ, ತುರಿಕಿ, ಮೊಡವಿ ಬರ್ತಿದ್ದುವು, ನಾನೂ ಆರಾಮ ಇದ್ದೆ. ಮಾರಿ ಮ್ಯಾಲಿನ ಸುಕ್ಕಿಗೆ ಸೂಜಿ ಮಾಡಾಕ ಸುರು ಮಾಡಿದಾಗಿಂದ, ಖರೆ ಹೇಳ್ತೇನ್ರಿ, ನನ್ನ ಎದಿ ಝಲ್ ಅನ್ನದ ದಿನಾನ ಇಲ್ಲ.

೧. ಅವ್ವನೋ, ಆಯಿನೋ?

ನಮ್ಮ ಎದುರಮನಿ ಕಾಕೂನ ಮಗಳ ನಿಶ್ಚಯಕ್ಕ ಮುಧೋಳದಿಂದ ಬೀಗರು ಬಂದಿದ್ರು. ಹುಡುಗನ ಆಯಿ, ಅಂದ್ರ ಅಜ್ಜಿದು, ಬಾಯಿ ಬಾಳ ಜೋರು. ಕಾಕು ಉಪ್ಪಿಟ್ಟಿನ ತಾಟು ಹಿಡಕೊಂಡು ಮುಂದ ಹೋದ್ಲು. ಮುದುಕಿ ಆಕಿ ಕೈ ಹಿಡಿದು ಪ್ರೀತಿಲೇ ಕೇಳಿದ್ಲು: "ನೀವು ಹುಡುಗಿ ಆಯಿ ಏನ್ರಿ? ಇನ್ನೂ ಗಟ್ಟಿ ಅದೀರಿ ಬಿಡ್ರಿ!"

ನಾ ಚಹಾದ ಕಪ್ಪು ಲಗೂನ ಕೆಳಗಿಟ್ಟೆ. ಕಾಕೂಗ ಇನ್ನೂ ಐವತ್ತ ಆಗಿಲ್ಲರೀ! ಬಿಸಲಾಗ ಹೊಲ ನೋಡಿಕೊಂಡು ಮಾರಿ ಸುಕ್ಕಾಗೇತಿ, ಅಷ್ಟ. ಬೀಗರು ಹ್ವಾದ ಮ್ಯಾಲ ಕಾಕು ನನ್ನ ಹಿಡಕೊಂಡು ಅಳಾಕ ಸುರು ಮಾಡಿದ್ಲು.

"ಮದುವ್ಯಾಗ ಆ ಮುದುಕಿ ಮುಂದ ನಾ ತಾಯಿ ಅಂತ ಕಾಣಬೇಕವಾ. ಆಯಿ ಅನಸ್ಕೊಂಡು ನನ್ನ ಮಗಳನ್ನ ಒಪ್ಪಿಸಿ ಕೊಡಲೇನು? ಆ ನಿಮ್ಮ ಸೂಜಿ ನನಗೂ ಮಾಡಸ!"

೨. ಗೋಡಿ ಕಡೆ ಮಾರಿ

ಕಾಕೂನ ಕರಕೊಂಡು ಹ್ವಾದ ದಿನ ಆಕಿಕಿಂತ ಮುಂಚೆ ಸಾವಳಗಿ ಕಡೆಯ ಹಿರ್ಯಾರೊಬ್ಬರ ಪಾಳಿ ಇತ್ತು. ಹಣಿ ಮ್ಯಾಲಿನ ಗೆರಿ ಹೋಗಬೇಕಂತ ತಾವಾಗೇ ಬಂದಿದ್ರು. ನಾ ಸೂಜಿ ತಯಾರ ಮಾಡಿ ತಿರುಗಿ ನೋಡ್ತೇನಿ, ಹಿರ್ಯಾರು ಗೋಡಿ ಕಡೆ ಮಾರಿ ಮಾಡಿ ಧೋತರ ಸಡಲ ಮಾಡಿ ನಿಂತಾರ! ಅಯ್ಯ ಶಿವನ! ಡಾಕ್ಟರ್ ಬಾಯಾರು ಕಣ್ಣ ಮುಚ್ಚಿಕೊಂಡ್ರು.

"ಕಾಕಾರ, ಸೂಜಿ ಹಣಿಗ್ರೀ!"

"ಹಣಿಗೆ?" ಅವರು ನನಗಿಂತ ಗಾಬರಿ ಆದ್ರು. "ನೆಗಡಿ ಸೂಜಿ ಏನ್ ಮೂಗಿಗೆ ಮಾಡ್ತೀರೇನು? ಕೆಳಗ ಮಾಡ್ರಿ, ಅದು ದಾರಿ ಹುಡುಕ್ಕೊಂಡು ಮ್ಯಾಲ ಹೋಗ್ತೈತಿ!"

೩. ಸಾವಕಾರ್ರ ಹುಬ್ಬು

ಅವರನ್ನ ಕಳಿಸೂದ್ರಾಗ ಬನಹಟ್ಟಿ ಸೀರಿ ಸಾವಕಾರ್ರು ಒದರಿಕೋತ ಬಂದ್ರು. ಹಿಂದಿನ ತಿಂಗಳ ಹಣಿಗೆ ಸೂಜಿ ಮಾಡಿಸಿಕೊಂಡು ಹೋಗಿದ್ರು. ನೇಕಾರ ಸೀರಿ ತಂದು ಹಾಸಿದ ಕೂಡ್ಲೆ ದಡಿ ಮುಟ್ಟಿ ನೋಡಿ ಹುಬ್ಬು ಗಂಟ ಹಾಕೂದು ಅವರ ರೂಢಿ. ಅದನ್ನ ನೋಡಿ ಪಾಪ ನೇಕಾರ ತಾನ ರೇಟು ಇಳಸ್ತಿದ್ದ.

"ಈಗ ಎಷ್ಟು ಸಿಟ್ಟಿಗೆದ್ರೂ ಹುಬ್ಬು ಹಂದಾಡವಲ್ಲದು! ಸಾವಕಾರ್ರ ಮನಸಿಗೆ ಬಂದೈತಿ ಅಂತ ಎಲ್ಲಾರೂ ರೇಟು ಏರಸಾಕತ್ತಾರ. ನನ್ನ ಗಂಟು ನನಗ ತಿರುಗಿ ಕೊಡ್ರಿ!"

ಅಷ್ಟು ಒದರಾಕತ್ತಿದ್ರೂ ಹಣಿ ಮಾತ್ರ ತಣ್ಣಗ. ನಾ ಕಾಕೂನ ಕೈ ಜಗ್ಗಿದೆ. "ಕೇಳಿದಿ ಇಲ್ಲೋ ಕಾಕು? ಇನ್ನೂ ಟೈಮ್ ಐತಿ, ಮನಿಗೆ ಹೋಗೂಣು ನಡಿ" ಅಂದೆ.

ಕಾಕು ಸಾವಕಾರ್ರ ಹಣಿ ಮ್ಯಾಲಿನ ಕಣ್ಣು ತಗೀಲಿಲ್ಲ. "ಎಷ್ಟು ಛಂದ ಆಗೇತಿ! ಬಾಯಾರ, ಇವರಿಗೆ ಮಾಡಿದ್ದನ್ನ ನನಗ ಮಾಡ್ರಿ."

೪. ಒಪ್ಪಿಸಿ ಕೊಡೂ ಹೊತ್ತು

ಮದುವ್ಯಾಗ ಕಾಕು ಏನ್ ಕಾಣಾಕತ್ತಿದ್ಲು ಅಂತೀರಿ! ಮಧ್ಯಾಹ್ನದ ಊಟದ ತನಕ ಎಲ್ಲಾ ಛಲೋ ನಡೀತು. ಆಮ್ಯಾಲ ಮಗಳನ್ನ ಒಪ್ಪಿಸಿ ಕೊಡೂ ಹೊತ್ತು ಬಂತು. ಕಾಕೂನ ಕಣ್ಣಾಗ ನೀರು ದಳದಳ ಇಳ್ಯಾಕತ್ತಾವ, ದನಿ ಒಡದೈತಿ, ಆದರ ಹಣಿ ಮ್ಯಾಲ ಒಂದ ಗೆರಿ ಇಲ್ಲ. ಅಳು ಬರಲೆಂತ ಕಣ್ಣಾಗ ಎಣ್ಣಿ ಬಿಟ್ಟಕೊಂಡಾಳೇನೋ ಅನ್ನೂಹಂಗ ಕಾಣಾಕತ್ತಿತ್ತು. ಬೀಗರ ಹೆಣ್ಣಮಕ್ಕಳು ಗುಸುಗುಸು ಸುರು ಮಾಡಿದ್ರು.

ಮುದುಕಿ ಎಲ್ಲಾರಿಗೂ ಕೇಳೂಹಂಗ ಅಂದ್ಲು: "ಹುಡುಗಿಗೆ ಮಲತಾಯಿ ಅಂತ ನಮಗ ಯಾರೂ ಹೇಳಲೇ ಇಲ್ಲಲ್ಲ! ನಿಶ್ಚಯದಾಗಿದ್ದ ಆ ಆಯಿ ಎಲ್ಲಿ? ಅವರನ್ನ ಕರೀರಿ, ಅವರಾದ್ರೂ ಖರೇನ ಅಳ್ತಾರ!"

ಕಾಕೂನ ಅಳು ಅಲ್ಲೇ ನಿಂತಿತು.

"ಆ ಆಯಿನೂ ನಾನ, ತಾಯಿನೂ ನಾನ! ಸೂಜಿ ಮಾಡಿಸೀನ್ರೀ, ಮಾರಿ ಅಳವಲ್ಲದು. ಒಳಗ ಕರುಳ ಕಿತ್ತ ಬರಾಕತ್ತೈತಿ!"

ಮಗಳು ಅಳ್ಕೋತ ನಕ್ಕೋತ ಅವ್ವನ್ನ ತೆಕ್ಕಿಗೆ ಹಾಕೊಂಡ್ಲು. ಮುದುಕಿ ಹತ್ತರ ಬಂದು ಕಾಕೂನ ಹಣಿ ಹೆಬ್ಬಟ್ಟಿಲೇ ಒತ್ತಿ ನೋಡಿ, "ಅಯ್ಯ ನಮ್ಮವ್ವ! ಇದನ್ನ ಯಾರು ಮಾಡಿದ್ದು?" ಅಂದ್ಲು.

ಅಲ್ಲಿದ್ದವರ ಬೆರಳೆಲ್ಲಾ ನನ್ನ ಕಡೆ ತಿರುಗಿದುವು.

೫. ಪುರಸತ್ತು

ಮುಂದಿನ ವಾರ ಮುದುಕಿ ಮುಧೋಳದ ಬಸ್ಸ ಹಿಡಿದು ದವಾಖಾನಿಗೇ ಬಂದ್ಲು. ಜಗಳಕ್ಕ ಬಂದಾಳಂತ ನಾ ಪಡದೆ ಹಿಂದ ಸರದೆ. ಆಕಿ ಕುರ್ಚಿ ಮ್ಯಾಲ ಕುಂತು, "ನನಗೂ ಮಾಡ್ರಿ" ಅಂದ್ಲು.

"ಆಯಿ, ಈ ವಯಸ್ಸಿನಾಗ ನಿಮಗ್ಯಾಕ್ರೀ?" ಅಂದ್ರು ಬಾಯಾರು.

"ನಾ ಸತ್ತಾಗ ವಿಭೂತಿ ಹಚ್ಚಿ, ಮಾಲಿ ಹಾಕಿ, ಗೋಡಿಗೆ ಆನಿಸಿ ಕುಂದ್ರಸ್ತಾರಲ್ಲ? ಊರಿಗೆ ಊರ ಬಂದು ಮಾರಿ ನೋಡ್ತೈತಿ. ಬೀಗತಿ ಬಂದು ಬಾಜೂಕ ನಿಂತಾಗ ಆಕಿಕಿಂತ ನಾ ಕಡಿಮಿ ಕಾಣಬಾರದ್ರೀ!"

ಬಾಯಾರು ಪೆನ್ನು ಕೆಳಗಿಟ್ರು. ನೀರು ಕುಡುದು, ಸಾವಕಾಶ ಹೇಳಿದ್ರು: "ಆಯಿ, ಇದು ಮೂರು-ನಾಕು ತಿಂಗಳಷ್ಟ ಇರ್ತೈತ್ರಿ. ಆಮ್ಯಾಲ ಸುಕ್ಕು ತಿರುಗಿ ಬರ್ತಾವು."

ಮುದುಕಿ ಬೆರಳ ಮಡಚಿ ಲೆಕ್ಕಾ ಹಾಕಿದ್ಲು. ಆಮ್ಯಾಲ ಸೆರಗ ಸರಿ ಮಾಡಿಕೊಂಡು ಎದ್ಲು.

"ನಾಕ ತಿಂಗಳದಾಗ ಆಗೂದಿಲ್ಲ ಬಿಡ್ರಿ. ಕಬ್ಬು ಕಡಸೂದೈತಿ, ಸಣ್ಣ ಮೊಮ್ಮಗನ ಲಗ್ನ ಐತಿ. ಸಾಯಾಕ ಪುರಸತ್ತು ಆದಾಗ ಬರ್ತೇನಿ."