ಮಾತು ಬಿಟ್ಟ ಕಾರು

ಎಲ್ಲಕ್ಕೂ ಮೂಲ ಒಂದು ತೊಟ್ಟು ಇಂಜಿನ್ ಆಯಿಲ್. ಅದು ಭಾನುವಾರ ಮಧ್ಯಾಹ್ನ ಪಿಸ್ಟನ್ ಸಾರ್ ಅವರ ಕೆನ್ನೆಯ ಮೇಲೆ ಬಿತ್ತು. ಬೇರೆಯವರಾಗಿದ್ದರೆ ಬೈದು, ಒರೆಸಿಕೊಂಡು, ಎದ್ದು ಹೋಗುತ್ತಿದ್ದರು. ಪಿಸ್ಟನ್ ಸಾರ್ ಕಾರಿನ ಅಡಿಯಲ್ಲಿ ಮಲಗಿದ್ದಂತೆಯೇ ಅದನ್ನು ಬೆರಳಿಗೆ ಹಚ್ಚಿಕೊಂಡು, ಮೂಸಿ ನೋಡಿ, "ಪರವಾಗಿಲ್ಲ, ಇನ್ನೂ ಜೀವ ಇದೆ" ಎಂದು ಮೆಚ್ಚಿಕೊಂಡರು.

ಪಿಸ್ಟನ್ ಸಾರ್ ಎಂಬುದು ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಸಂಬಳದ ಚೀಟಿ ಬಿಟ್ಟು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಅವರು ದೂರು ವಿಭಾಗದ ಗುಮಾಸ್ತರು. ಜನರ ಮಾತು ಕೇಳಿಸಿಕೊಳ್ಳುವುದಕ್ಕೇ ಸರ್ಕಾರ ಅವರಿಗೆ ಸಂಬಳ ಕೊಡುತ್ತಿತ್ತು. ಆದರೆ ಅವರು ಹುಟ್ಟಿದಾಗಿನಿಂದ ಮನಸ್ಸಿಟ್ಟು ಕೇಳಿಸಿಕೊಂಡಿದ್ದು ತಮ್ಮ ಕಾರಿನ ಮಾತನ್ನು ಮಾತ್ರ.

ಆ ಕಾರು ಅವರ ಕೈ ಸೇರುವ ಹೊತ್ತಿಗೆ ನಾಲ್ಕಾರು ಮನೆ ಸುತ್ತಿ ಬಂದಿತ್ತು. ಎಷ್ಟು ಓಡಿದೆ ಎಂದು ತೋರಿಸುವ ಮೀಟರ್ ಕೊನೆಯ ಅಂಕಿ ಮುಟ್ಟಿ, ಮತ್ತೆ ಸೊನ್ನೆಯಿಂದ ಶುರು ಮಾಡಿ, ಅರ್ಧದಾರಿಯಲ್ಲಿ ಬೇಸತ್ತು ನಿಂತುಬಿಟ್ಟಿತ್ತು. ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಹಿಂದೆ ಕೂತವರನ್ನು ಇಳಿಸಲು ಸಾರ್ ಅವರೇ ಇಳಿದು ಹೋಗಬೇಕಿತ್ತು. ಅದನ್ನವರು ಮರ್ಯಾದೆ ಎನ್ನುತ್ತಿದ್ದರು. ಬಲಕ್ಕೆ ತಿರುಗಿಸಿದಾಗಲೆಲ್ಲ ಹಾರನ್ ತಾನಾಗಿಯೇ ಕೂಗಿಕೊಳ್ಳುತ್ತಿತ್ತು. ಅದನ್ನವರು ಸುರಕ್ಷತೆ ಎನ್ನುತ್ತಿದ್ದರು. ಎಡಗಡೆಯ ಗಾಜು ಮೇಲೇರುತ್ತಿರಲಿಲ್ಲ. ಅದಕ್ಕಾಗಿ ಚಳಿಗಾಲವಿಡೀ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಓಡಿಸುತ್ತಿದ್ದರು; ಅದಕ್ಕೆ ಮಾತ್ರ ಇನ್ನೂ ಹೆಸರಿಟ್ಟಿರಲಿಲ್ಲ.

"ಹೊಸ ಕಾರು ತಗೊಂಡೋರು ಬ್ಯಾಂಕಿನ ಕಾರಿಗೆ ಡ್ರೈವರ್‌ಗಳು ಕಣ್ರೀ," ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. "ನನಗೆ ಕಂತಿಲ್ಲ, ಚಿಂತಿಲ್ಲ." ಕಂತು ಕಟ್ಟುವವರು ತಿಂಗಳಿಗೊಮ್ಮೆ ಅಳುತ್ತಿದ್ದರು. ಇವರು ವಾರಕ್ಕೊಮ್ಮೆ ಮೆಕ್ಯಾನಿಕ್‌ಗೆ ದುಡ್ಡು ಸುರಿದು ನಗುತ್ತಿದ್ದರು. ವ್ಯತ್ಯಾಸ ಅಷ್ಟೇ.

ಕಾರಿನ ಒಂದೊಂದು ಸದ್ದೂ ಅವರಿಗೆ ಪರಿಚಯ. ಎಡಚಕ್ರದ ಟಕಟಕ, ಎಡಬಾಗಿಲಿನ ಗಿರಿಗಿರಿ, ಡ್ಯಾಶ್‌ಬೋರ್ಡಿನ ಎಡಮೂಲೆಯ ಲೊಟಲೊಟ. ಕಾರಿನ ಸಂಗೀತ ಕಛೇರಿಯೆಲ್ಲ ಎಡಗಡೆಯೇ ನಡೆಯುತ್ತಿತ್ತು. ಎಡಗಡೆಯೇ ಹೆಂಡತಿಯೂ ಕೂರುತ್ತಿದ್ದಳು. ಆಕೆ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವೂ ದಾರಿಯುದ್ದಕ್ಕೂ ಏನೇನೋ ಹೇಳುತ್ತಿದ್ದಳು. ಟಕಟಕಕ್ಕೂ ಗಿರಿಗಿರಿಗೂ ಅಡ್ಡ ಬರುವ ಆ ದನಿ ಎಲ್ಲಿ ನಿಲ್ಲುತ್ತದೆ ಎಂಬುದನ್ನಷ್ಟೇ ಗಮನಿಸಿ, ಅಲ್ಲೊಂದು "ಹೂಂ" ಸೇರಿಸುವುದನ್ನು ಸಾರ್ ಮದುವೆಯಾದ ವರ್ಷವೇ ಕಲಿತಿದ್ದರು.

ಆ ಭಾನುವಾರ ಬಲಮಗ್ಗುಲಾಗಿ ಮಲಗಿ ಎಣ್ಣೆ ಸೋರುವ ಜಾಗ ಹುಡುಕುತ್ತಿದ್ದಾಗ, ಎಣ್ಣೆ ಕಿವಿಯೊಳಗೆ ಬೀಳದಿರಲೆಂದು ಹೆಂಡತಿಯ ಹತ್ತಿಸುರುಳಿಯಿಂದ ಒಂದು ತುಂಡು ಕಿತ್ತು ಮೇಲಿದ್ದ ಎಡಗಿವಿಗೆ ತುರುಕಿಕೊಂಡರು. ಉಳಿದದ್ದನ್ನು ಇಂಜಿನ್ನಿನ ಸಂದಿಗೆ ತುರುಕಿದರು. ಇಂಜಿನ್ನಿನದು ಸಂಜೆಗೇ ಬಿದ್ದುಹೋಯಿತು. ಕಿವಿಯದು ಎಣ್ಣೆ ಕುಡಿದು, ಉಬ್ಬಿ, ಗಟ್ಟಿಯಾಗಿ ಕೂತಿತು. ಇಂಥ ಸಣ್ಣಪುಟ್ಟದ್ದನ್ನೆಲ್ಲ ನೆನಪಿಟ್ಟುಕೊಳ್ಳಲು ಸಾರ್ ಅವರಿಗೆ ಪುರುಸೊತ್ತೆಲ್ಲಿ?

ಸೋಮವಾರ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಕಾರು ಹೊರಡಿಸಿದರು. ಗೇಟು ದಾಟುತ್ತಿದ್ದಂತೆ ವೇಗ ತಗ್ಗಿಸಿದರು. ಟಕಟಕ ಇಲ್ಲ. ಗಿರಿಗಿರಿ ಇಲ್ಲ. ಲೊಟಲೊಟದ್ದಂತೂ ಸುದ್ದಿಯೇ ಇಲ್ಲ. ಮೈಯೆಲ್ಲ ಕಿವಿಯಾಗಿ ಕಾದರು. ಗುಂಯ್ ಎನ್ನುವ ಇಂಜಿನ್ ಬಿಟ್ಟರೆ ಎಡಗಡೆಯೆಲ್ಲ ಶೋಕಾಚರಣೆಯ ಮೌನ.

ಪಕ್ಕದಲ್ಲಿ ಹೆಂಡತಿಯ ತುಟಿ ಅಲುಗುತ್ತಿದ್ದುದು ಕಣ್ಣಂಚಿಗೆ ಕಂಡಿತು. ಅಲುಗಾಟ ನಿಂತಾಗ ಸಾರ್ "ಹೂಂ" ಎಂದರು. ಆಕೆ ಪೂರಾ ತಿರುಗಿ ಅವರ ಮುಖವನ್ನೇ ನೋಡಿದಳು. ಮತ್ತೇನೋ ಕೇಳಿದಳು. "ನಿನ್ನಿಷ್ಟ," ಎಂದರು ಸಾರ್, ಚಕ್ರದ ಕಡೆಗೇ ಗಮನವಿಟ್ಟು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು, ಕಣ್ಣಲ್ಲಿ ನೀರು. 'ಪಾಪ, ಕಾರಿನ ಸ್ಥಿತಿ ನೋಡಿ ಇವಳಿಗೂ ಸಂಕಟವಾಗಿದೆ' ಎಂದುಕೊಂಡ ಸಾರ್ ಅವರಿಗೆ ಹೆಂಡತಿಯ ಮೇಲೆ ಎಂದಿಲ್ಲದ ಪ್ರೀತಿ ಉಕ್ಕಿತು.

ಆಕೆಯನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ್ದೇ ತಡ, ಸಾರ್ ಒಂದು ತೀರ್ಮಾನಕ್ಕೆ ಬಂದರು. ಇಷ್ಟು ವರ್ಷ ಮಾತಾಡಿದ ಗಾಡಿ ಇದ್ದಕ್ಕಿದ್ದಂತೆ ಸುಮ್ಮನಾಗಿದೆ ಎಂದರೆ, ಮಾತಾಡುವ ಭಾಗವೇ ಎಲ್ಲೋ ಕಳಚಿ ಬಿದ್ದಿದೆ! ಕಾರನ್ನು ವಾಪಸು ಮನೆಯ ಬೀದಿಗೆ ತಂದು ನಿಲ್ಲಿಸಿ, ಬಗ್ಗಿ, ರಸ್ತೆ ನೋಡುತ್ತ ನಡೆದರು.

ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಗೇಟಿನ ಬಳಿ ಪೇಪರ್ ಓದುತ್ತಿದ್ದರು. ಈ ಕಾರಿನ ದೆಸೆಯಿಂದ ಅವರು ಬೆಳಗಿನ ಸವಿನಿದ್ದೆಯ ಮುಖ ನೋಡಿ ಎಷ್ಟೋ ಕಾಲವಾಗಿತ್ತು.

"ಏನ್ರೀ ಹುಡುಕ್ತಿದ್ದೀರಿ?"

"ಕಾರಿಂದ ಏನೋ ಬಿದ್ದುಹೋಗಿದೆ ಸಾರ್."

"ಏನು?"

"ಅದೇ ಗೊತ್ತಿಲ್ಲ. ಸದ್ದು ನಿಂತೋಗಿದೆ."

ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. "ನಿಂತೋಗಿದೆಯಾ? ಈಗ ತಾನೇ ನಮ್ಮನೆ ಕಿಟಕಿ ಗಾಜು ಗಡಗಡ ಅಂತಲ್ರೀ?"

"ಅದು ನಿಮ್ಮ ಕಿಟಕಿ ಸಡಿಲ ಇದೆ. ಸ್ಕ್ರೂ ಟೈಟ್ ಮಾಡಿಸಿ," ಎಂದರು ಸಾರ್ ನಿಷ್ಠುರವಾಗಿ.

ಪುಕ್ಕಟೆ ಸಹಾಯ ಮಾಡುವ ಅವಕಾಶವನ್ನು ಯಾವ ಬೀದಿ ತಾನೇ ಬಿಡುತ್ತದೆ? ಮೂಲೆ ಅಂಗಡಿಯ ಟೈಲರ್ ಒಂದು ಬೋಲ್ಟು ತಂದ. ಇಸ್ತ್ರಿ ಮಾಡುವವಳು ಸೈಕಲ್ಲಿನ ಪೆಡಲ್ ತಂದಳು. ಯಾರೋ ಒಂದು ಚಿಲಕ, ಇನ್ಯಾರೋ ಕುಕ್ಕರಿನ ಹಿಡಿ. "ಇದೇನಾ ನೋಡಿ ಸಾರ್," ಎಂದು ಎಲ್ಲರೂ ಗಂಭೀರವಾಗಿಯೇ ಕೇಳಿ, ಬೆನ್ನು ತಿರುಗಿಸಿ ನಕ್ಕರು. ಸಾರ್ ಯಾವುದನ್ನೂ ಬೇಡ ಎನ್ನಲಿಲ್ಲ. ತಮ್ಮ ಕಾರಿನಲ್ಲಿ ಕುಕ್ಕರಿನ ಹಿಡಿ ಇರಲಾರದು ಎಂದು ಎದೆ ತಟ್ಟಿ ಹೇಳುವ ಧೈರ್ಯ ಅವರಿಗೇ ಇರಲಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡರು.

ಅಷ್ಟರಲ್ಲಿ ಮೇಷ್ಟ್ರ ಫೋನು ರಿಂಗಾಯಿತು. ಅವರು ಒಳಗೆ ಹೋಗಿ ಮಾತಾಡಿ ಬಂದರು. ಬಂದವರು ಸುತ್ತು ಹಾಕಿಕೊಂಡು ಸಾರ್ ಅವರ ಎಡಗಡೆಗೇ ನಿಂತು, ಬಹಳ ವಿನಯದಿಂದ ಏನೋ ಕೇಳಿದರು. ಸಾರ್ ಆಗ ಪೆಡಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಆಗ್ಲಿ ಆಗ್ಲಿ, ಹಾಗೇ ಮಾಡಿ," ಎಂದುಬಿಟ್ಟರು. ಮೇಷ್ಟ್ರು ಅವರ ಎರಡೂ ಕೈ ಹಿಡಿದು ಕುಲುಕಿದರು. ಕಾರಿನ ದುಃಖದಲ್ಲಿ ಊರೇ ಭಾಗಿಯಾಗುತ್ತಿದೆ ಎಂದುಕೊಂಡ ಸಾರ್ ಮೇಷ್ಟ್ರಿಗೆ ತಲೆಬಾಗಿದರು.

ಕಚೇರಿಯಲ್ಲಿ ದೂರು ಹೇಳುವವರ ಕುರ್ಚಿ ಇದ್ದದ್ದೂ ಅವರ ಎಡಗಡೆಗೇ. ಅಂದು ಸಾರ್ ಯಾರನ್ನೂ "ನಾಳೆ ಬನ್ನಿ" ಎಂದು ಅಟ್ಟಲಿಲ್ಲ. ತುಟಿ ನಿಂತಾಗಲೆಲ್ಲ ತಲೆಯಾಡಿಸಿ, "ಆಯ್ತು, ಮಾಡ್ಸೋಣ," ಎನ್ನುತ್ತ ಹೋದರು. ಮಳೆಗಾಲದಿಂದ ನಲ್ಲಿಗೆ ನೀರಿಲ್ಲದ ಮುದುಕಿಯೊಬ್ಬರು ಕಣ್ಣೊರೆಸಿಕೊಂಡು ಹರಸಿ ಹೋದರು. ದೂರು ಗುಮಾಸ್ತರು ಏನು ಕೇಳಿದರೂ ಒಪ್ಪುತ್ತಿದ್ದಾರೆಂಬ ಸುದ್ದಿ ಹಬ್ಬಿ, ಮಧ್ಯಾಹ್ನದ ಹೊತ್ತಿಗೆ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು.

ಮೇಲಧಿಕಾರಿ ಓಡಿಬಂದು ಮೇಜಿನ ಮುಂದೆ ನಿಂತರು. "ಏನ್ರೀ ಇದು? ಹೀಗೆ ಎಲ್ಲರಿಗೂ ಹೂಂ ಅಂತ ಹೋದ್ರೆ ನೀರು ಎಲ್ಲಿಂದ ತರೋದು? ಹುಷಾರಿಲ್ವಾ ನಿಮಗೆ?"

"ನನಗಲ್ಲ ಮೇಡಂ, ಕಾರಿಗೆ. ಮಾತು ಬಿಟ್ಟುಬಿಟ್ಟಿದೆ."

ಮೇಡಂ ಅರ್ಧ ದಿನ ರಜೆ ಕೊಟ್ಟು ಅವರನ್ನು ಕಳಿಸಿದರು.

ನೇರ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿ ತಂದು, "ಎಲ್ಲಾ ಸದ್ದೂ ಇದೆಯಲ್ಲ ಸಾರ್? ಹೊಸದೊಂದು ಸೇರ್ಕೊಂಡಿದೆ ಬೇರೆ," ಎಂದ.

"ಸುಳ್ಳು ಹೇಳ್ಬೇಡ. ಈ ಕಿವೀನ ಏಮಾರಿಸೋಕೆ ಆಗಲ್ಲ."

"ಹೊರಗೆ ನಿಂತ್ರೂ ಕೇಳ್ಸುತ್ತಲ್ಲ ಸಾರ್, ರಾವಣಾಸುರನ ಥರ!"

"ಹೊರಗಿಂದ ಎಲ್ಲಾ ಕಾರೂ ಸದ್ದು ಮಾಡುತ್ತೆ. ಒಳಗೆ, ನನ್ನ ಸೀಟಲ್ಲಿ ಕೂತ್ರೆ ಕೇಳಿಸ್ಬೇಕು. ಎಡಗಡೆಯಿಂದ."

ಸದ್ದು ನಿಲ್ಲಿಸಿ ಎಂದು ಬರುವ ಗಿರಾಕಿಗಳನ್ನೇ ನೋಡಿದ್ದ ಮೆಕ್ಯಾನಿಕ್ ತಲೆ ಕೆರೆದುಕೊಂಡ. ಆಮೇಲೆ ವ್ಯಾಪಾರಬುದ್ಧಿ ಚುರುಕಾಗಿ, ಸಾರ್ ತಂದ ಚೀಲಕ್ಕೆ ಕೈ ಹಾಕಿ ಕುಕ್ಕರಿನ ಹಿಡಿ ತೆಗೆದ. "ಸಿಕ್ತು ನೋಡಿ, ಇದೇ ಬಿದ್ದಿರೋದು!" ಎಂದು ಕಾರಿನ ಅಡಿಗೆ ನುಸುಳಿ, ಕೈಗೆ ಸಿಕ್ಕ ಬಲಗಡೆಗೆ ತಂತಿಯಲ್ಲಿ ಕಟ್ಟಿ ತೂಗುಹಾಕಿ, ದುಡ್ಡು ಎಣಿಸಿಕೊಂಡ.

ದಾರಿಯಲ್ಲಿ ಅದು ಠಣಠಣ ಎಂದು ಬಡಿದುಕೊಂಡಾಗಲೆಲ್ಲ ಸಾರ್ ಬೇಡವೆಂಬಂತೆ ತಲೆಯಾಡಿಸಿದರು. 'ಇದು ನಮ್ಮ ಸದ್ದಲ್ಲ. ಇದು ಯಾರದೋ.' ತಮ್ಮ ಕಾರು ಇನ್ನೆಂದೂ ತಮ್ಮೊಡನೆ ಮಾತಾಡುವುದಿಲ್ಲವೇನೋ ಎನ್ನಿಸಿ ಅವರಿಗೆ ನಿಜಕ್ಕೂ ಅಳು ಬಂತು. ಹೆಂಡತಿಗೆ ಜ್ವರ ಬಂದಾಗ ಬರದಿದ್ದ ಅಳು.

ಮನೆ ಮುಟ್ಟಿದಾಗ ಹೆಂಡತಿ ಅವರಿಗಿಂತ ಮೊದಲೇ ಬಂದಿದ್ದಳು. ಬಾಗಿಲಲ್ಲಿ ಎಡಗಡೆ ನಿಂತು ಏನೋ ಹೇಳಿ ಕೈ ಚಾಚಿದಳು. ಸಾರ್ ಹೂಂಗುಟ್ಟಿ ಕಾರಿನ ಕೀಲಿ ಆ ಕೈಗೆ ಹಾಕಿ, ಗ್ರೀಸ್ ತೊಳೆಯಲು ಬಚ್ಚಲಿಗೆ ಹೋದರು.

ಮಫ್ಲರ್ ಬಿಚ್ಚಿದರು. ಮುಖಕ್ಕೆ, ಕತ್ತಿಗೆ, ಕಿವಿಗೆ ಸೋಪು ಹಚ್ಚಿದರು. ಎಡಗಿವಿಯಲ್ಲಿ ಬೆರಳಿಗೇನೋ ಮೆತ್ತಗೆ ತಗುಲಿತು. ಎಳೆದರು. ಪುಳಕ್ಕೆಂದು ಕಪ್ಪಗಿನ ಹತ್ತಿಯುಂಡೆ ಈಚೆ ಬಂತು. ಅದರ ಹಿಂದೆಯೇ ಇಡೀ ಪ್ರಪಂಚ ಒಳಗೆ ನುಗ್ಗಿತು. ನಲ್ಲಿಯ ತೊಟತೊಟ, ಪಕ್ಕದ ಮನೆಯ ರೇಡಿಯೋ, ಗೇಟಿನ ಕಿರ್ರ್. ಆಮೇಲೆ... ಬೀದಿಯಿಂದ ಟಕಟಕ! ಗಿರಿಗಿರಿ! ಲೊಟಲೊಟ!

"ಬಂತು! ಮಾತು ಬಂತು!" ಎಂದು ಕುಣಿದರು ಸಾರ್. ಸೋಪಿನ ಮುಖದಲ್ಲೇ, ನಡುಮನೆಯಲ್ಲಿ ಜಾರಿ, ಸಾವರಿಸಿಕೊಂಡು, ಬೀದಿಗೆ ಓಡಿಬಂದರು. ಅವರ ಕಾರು ಎಲ್ಲ ಸದ್ದುಗಳನ್ನೂ ಒಂದೂ ಬಿಡದೆ ಮಾಡುತ್ತ, ಜೊತೆಗೆ ಕುಕ್ಕರಿನ ಹಿಡಿಯನ್ನೂ ಬಾರಿಸಿಕೊಂಡು, ಬೀದಿಯ ಕೊನೆಯಲ್ಲಿ ಬಲಕ್ಕೆ ತಿರುಗುತ್ತಿತ್ತು. ಹಾರನ್ ತಾನಾಗಿಯೇ ಕೂಗಿತು. ಸ್ಟೀರಿಂಗ್ ಹಿಡಿದಿದ್ದವರು ಹೆಡ್‌ಮಾಸ್ಟರು. ಅವರು ಕಿಟಕಿಯಿಂದ ಕೈ ಬೀಸಿದರು.

"ಎಲ್ಲಿಗೆ ಹೊರಟ್ರು ಅವರು?" ಗೇಟಿನ ಬಳಿ ನಿಂತಿದ್ದ ಹೆಂಡತಿಯನ್ನು ಸಾರ್ ಕೇಳಿದರು.

"ಗುಜರಿಗೆ," ಎಂದಳು ಹೆಂಡತಿ. "ಪಿಂಚಣಿ ದುಡ್ಡಲ್ಲಿ ನಿದ್ದೆ ಕೊಂಡ್ಕೊಂಡೆ ಅಂದ್ರು. ಬೆಳಿಗ್ಗೆ ಕೇಳಿದೆನಲ್ಲ ರೀ? ಮೇಷ್ಟ್ರು ಕಾರು ತಗೋತಾರಂತೆ ಕೊಟ್ಬಿಡ್ಲಾ ಅಂದೆ, ಹೂಂ ಅಂದ್ರಿ. ನನ್ನ ಸಂಬಳದಲ್ಲಿ ಬೇರೆ ತಗೊಳ್ಲಾ ಅಂದೆ, ನಿನ್ನಿಷ್ಟ ಅಂದ್ರಿ. ಮೇಷ್ಟ್ರು ಬೀದೀಲಿ ಕೇಳಿದಾಗ್ಲೂ ನೀವು ಹಾಗೇ ಮಾಡಿ ಅಂದ್ರಂತೆ, ಎಲ್ಲರ ಎದುರಿಗೆ."

ಕೇಳಿಸಲೇ ಇಲ್ಲ ಎನ್ನಲು ಸಾರ್ ಬಾಯಿ ತೆರೆದರು. ಕೇಳಿಸದೆಯೇ ಹೂಂ ಅಂದೆ ಎಂದು ಇವತ್ತಿನದಕ್ಕೆ ಒಪ್ಪಿಕೊಂಡರೆ, ಇಷ್ಟು ವರ್ಷದ ಹೂಂಗಳ ಗತಿ ಏನು? ತೆರೆದ ಬಾಯಿಗೆ ಸೋಪು ಇಳಿಯಿತು. ಮುಚ್ಚಿಕೊಂಡರು.

ಮನೆಯ ಮುಂದೆ ಹೊಳೆಯುವ ಹೊಸ ಕಾರೊಂದು ನಿಂತಿತ್ತು. ಶೋರೂಮಿನಲ್ಲಿ ಕೆಲಸಕ್ಕಿದ್ದ ಬಾಮೈದ ತಂದು ನಿಲ್ಲಿಸಿ ಹೋಗಿದ್ದ. ಬ್ಯಾಟರಿಯಲ್ಲಿ ಓಡುವ ಕಾರು; ಬಂದದ್ದೂ ಯಾರಿಗೂ ಕೇಳಿಸಿರಲಿಲ್ಲ. ಬಟ್ಟೆ ಬದಲಿಸಿಕೊಂಡು ಬಂದ ಸಾರ್ ಬಲಗಡೆ ಕೂತರು. ಗಾಜುಗಳು ತಾವಾಗಿಯೇ ಮೇಲೇರಿದವು. ಕಾರು ಹೊರಟಿದೆ ಎಂಬುದು ಮರಗಳು ಹಿಂದಕ್ಕೆ ಸರಿದದ್ದರಿಂದ ಗೊತ್ತಾಯಿತು. ಟಕಟಕ ಇಲ್ಲ, ಗಿರಿಗಿರಿ ಇಲ್ಲ, ಏನೂ ಇಲ್ಲ.

ಎಡಗಡೆಯಿಂದ ಹೆಂಡತಿ ಗಂಟಲು ಸರಿಮಾಡಿಕೊಂಡದ್ದು ಗುಡುಗಿದಂತೆ ಕೇಳಿಸಿತು.

"ಮದುವೆಯಾದ ವರ್ಷದಿಂದ ಹೇಳ್ತಾನೇ ಇದೀನಿ," ಎಂದು ಆಕೆ ಶುರು ಮಾಡಿದಳು. "ಇವತ್ತು ಮೊದಲಿಂದ ಹೇಳ್ತೀನಿ."

ಸಾರ್ ಅವರ ಎಡಗೈ ಮೆಲ್ಲಗೆ ಜೇಬಿಗಿಳಿದು ತಡಕಾಡಿತು.

"ಹುಡುಕ್ಬೇಡಿ, ಆ ಹತ್ತಿ ಬಚ್ಚಲಲ್ಲೇ ಬಿದ್ದಿತ್ತು, ಎಸೆದೆ," ಎಂದಳು ಆಕೆ. "ಬೆಳಿಗ್ಗೇನೇ ಮಫ್ಲರ್ ಸಂದೀಲಿ ಕಂಡಿತ್ತು. ಅದಕ್ಕೇ ಇವತ್ತೇ ಕೇಳಿದ್ದು. ಎಡಗಡೆ ನಿಂತು ಮಾತಾಡಿ ಅಂತ ಮೇಷ್ಟ್ರಿಗೆ ಫೋನ್ ಮಾಡಿದ್ದೂ ನಾನೇ. ಈಗ ಸರಿಯಾಗಿ ಕೇಳಿಸ್ತಿದೆ ತಾನೇ?"

"ಹೂಂ," ಎಂದರು ಪಿಸ್ಟನ್ ಸಾರ್.