ಜರ್ಮನಿಯ ಮನೆ ನೋಡುವ ಶಾಸ್ತ್ರ

ಮನೆಯಲ್ಲಿ ಒಬ್ಬರು ಪರದೇಶಕ್ಕೆ ಹೊರಟರೆ ಹೊರಡದವರೆಲ್ಲ ಆ ದೇಶದ ಪಂಡಿತರಾಗಿಬಿಡುತ್ತಾರೆ. ನಮ್ಮ ಕಡೆ ಇದು ನಡೆದೇ ಇರುತ್ತದೆ. ಈ ಸಲ ಪಾಳಿ ನಮ್ಮ ಮನೆಗೆ ಬಂತು.

ನಾನು ಇಂಡಿ ಪಟ್ಟಣದಲ್ಲಿ ನಿಂಬೆಕಾಯಿ ವ್ಯಾಪಾರಿ. ನಮ್ಮಾಕೆ ಇಲ್ಲೇ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ಸಂಜೆ ಹೊತ್ತು ಮೊಬೈಲ್ ಮುಂದೆ ಕೂತು ಜರ್ಮನ್ ಕಲಿತಳು, ಪರೀಕ್ಷೆಯನ್ನೂ ಪಾಸು ಮಾಡಿದಳು. ಜರ್ಮನಿಯ ಆಸ್ಪತ್ರೆಯೊಂದು ಕೆಲಸ ಕೊಟ್ಟು, ಬರುತ್ತೀರೋ ಇಲ್ಲವೋ ಸೋಮವಾರದೊಳಗೆ ಹೇಳಿ ಎಂದಿತು. ನಾನೂ ಜೊತೆಗೆ ಹೋಗಬಹುದಂತೆ. ಆವತ್ತಿನಿಂದ ನನ್ನ ನಿದ್ದೆ ಹಾರಿತು. ಅವಳಿಗೇನೋ ಅಲ್ಲಿ ಕೆಲಸವಿದೆ, ನಾನು ಹೋಗಿ ಏನು ಮಾಡಲಿ? ಅವಳನ್ನು ಕಳಿಸಿ ಇಲ್ಲೇ ಒಬ್ಬನೇ ಉಳಿಯುವುದೂ ನನ್ನಿಂದಾಗದು. ಸಿಕ್ಕವರನ್ನೆಲ್ಲ ಕೇಳುತ್ತ ತಿರುಗಾಡಿದೆ. ಅದೇ ತಪ್ಪಾಯಿತು.

ಇಂಡಿ

ಮೊದಲು ಕೇಳಿದ್ದು ಬಾಜಾರದಲ್ಲಿ ನನ್ನ ಪಕ್ಕ ಕೂರುವ ಹಿರಿಯ ವ್ಯಾಪಾರಿಯನ್ನು. ಅವರು ಯಾವ ದೇಶವನ್ನಾದರೂ ನಿಂಬೆಕಾಯಿಯಿಂದಲೇ ಅಳೆಯುವವರು.

"ಅಲ್ಲಿ ಕಾಯಿ ಹೆಂಗ ಮಾರ್ತಾರ?"

"ಒಂದೊಂದ ಮಾರ್ತಾರಂತ್ರಿ ಕಾಕಾ. ಕೆಲವಕ್ಕ ಒಂದೊಂದು ಚೀಟಿ ಹಚ್ಚಿರ್ತಾರಂತ, ಯಾವ ದೇಶದ್ದು ಅಂತ."

ಕಾಯಿ ಆರಿಸುತ್ತಿದ್ದ ಅವರ ಕೈ ನಿಂತಿತು. ಬುಟ್ಟಿಯೊಳಗಿನ ಕಾಯಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಹಂಗಾದ್ರ ನಿಂಬಿಕಾಯಿಗೆ ಆ ದೇಶ ಭಾಳ ಚಲೋ. ನಿನಗ ಚೀಟಿ ಯಾರು ಹಚ್ತಾರಲೇ?"

ಬಸವನ ಬಾಗೇವಾಡಿ

ಅಕ್ಕನನ್ನು ಬಾಗೇವಾಡಿಗೆ ಕೊಟ್ಟಿದ್ದೇವೆ. ಅವಳ ಹತ್ತಿರ ಎರಡು ಸಮಾಧಾನದ ಮಾತು ಕೇಳೋಣವೆಂದು ಹೋದರೆ ಮಾತು ಅವಳ ಅತ್ತೆಯ ಕೈಗೆ ಸಿಕ್ಕಿತು. ಹಿರಿಯ ಜೀವ, ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದರು.

"ಹೆಂಡ್ತಿ ಗಳಸೋದು, ಹೆಂಡ್ತಿ ಮನಿ, ಹೆಂಡ್ತಿ ಹಿಂದ ನೀ. ಅಂದ್ರ ಮನಿ ಅಳಿಯ. ಮನಿ ಅಳಿಯನ್ನ ನಾವೂ ಕಂಡೇವಿ. ದೇಶದ ಅಳಿಯನ್ನ ಇದ ಮೊದ್ಲ ನೋಡಾಕತ್ತೇನಿ."

ನನ್ನ ಮುಖ ಬಾಡಿದ್ದು ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. ಮನೆ ಅಳಿಯನಾದವನು ಹೇಗಿರಬೇಕೆಂದು ಕಲಿಸಿಕೊಟ್ಟರು. "ಹೊತ್ತಿಗಿ ಸರಿಯಾಗಿ ಊಟಕ್ಕ ಬರಬೇಕು. ಜೋರ ಮಾತಾಡಬಾರ್ದು. ಉಂಡ ತಾಟು ತಾನ ತೊಳಕೋಬೇಕು. ಮಂದಿ ಮನಿ ವಿಚಾರ ಕೇಳಬಾರ್ದು."

ಮನೆಗೆ ಬಂದು ಇಷ್ಟನ್ನೂ ನಮ್ಮಾಕೆಗೆ ಸಿಟ್ಟಿನಿಂದ ಹೇಳಿದೆ. ಅವಳು ನಗಲಿಲ್ಲ, ಬೆರಗಾದಳು.

"ಅಯ್ಯ, ಜರ್ಮನಿಯಾಗ ಹೆಂಗಿರಬೇಕು ಅಂತ ನಮ್ಮ ಕ್ಲಾಸಿನಾಗೂ ಇದನ್ನ ಹೇಳಿದ್ರು. ಆ ಯಮ್ಮ ಯಾವಾಗ ಹೋಗಿ ಬಂದ್ರು?"

ಸಿಂದಗಿ

ಹೋಗಿ ಬಂದವರನ್ನೇ ಕೇಳಬೇಕೆಂದು ಸಿಂದಗಿ ಬಸ್ಸು ಹತ್ತಿದೆ. ಅಲ್ಲಿ ಗುರುತಿನವರೊಬ್ಬರು ಕೊಲ್ಲಿ ದೇಶದಲ್ಲಿ ಬಹಳ ವರ್ಷ ಲಾರಿ ಓಡಿಸಿ ಮರಳಿದ್ದರು. ನಾನು ಹೋದಾಗ ಕರೆಂಟ್ ಇರಲಿಲ್ಲ. ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಆ ದೇಶವನ್ನು ಹೊಗಳಿದರು.

"ರಸ್ತಾ ಅಂದ್ರ ರಸ್ತಾರಿ. ಚಾದ ಕಪ್ಪು ಮುಂದಿಟಗೊಂಡು ಗಾಡಿ ಹೊಡದ್ರೂ ತುಳುಕಂಗಿಲ್ಲ. ಕರೆಂಟ್ ಹೋಗೂದಂದ್ರ ಏನಂತ ಅಲ್ಲಿ ಹುಡುಗ್ರಿಗೆ ಗೊತ್ತ ಇಲ್ಲ. ರೂಮಿನಾಗ ತಂಪು, ಗಾಡಿಯಾಗ ತಂಪು."

"ಮತ್ತ ಯಾಕ ಬಂದ್ರಿ?"

ಪೇಪರು ಬೀಸುವುದನ್ನು ನಿಲ್ಲಿಸಿದರು.

"ಅಲ್ಲಿ ಎಲ್ಲಾರಿಗೂ ಅದ ರಸ್ತಾ, ಅದ ತಂಪು. ಯಾರ ಮುಂದ ಹೇಳಕೊಳ್ಳೂನ್ರಿ? ಇಲ್ಲಿ ನೋಡ್ರಿ, ನೀವ ಬಸ್ ಹತ್ತಿ ಕೇಳಾಕ ಬಂದೀರಿ."

ಮುದ್ದೇಬಿಹಾಳ

ಇಷ್ಟಾದರೂ ತೀರ್ಮಾನ ನನ್ನ ಕೈಯಲ್ಲೂ ಇರಲಿಲ್ಲ, ನಮ್ಮಾಕೆಯ ಕೈಯಲ್ಲೂ ಇರಲಿಲ್ಲ. ಅದು ಇದ್ದದ್ದು ಮುದ್ದೇಬಿಹಾಳದಲ್ಲಿ, ಅವಳ ಸೋದರಮಾವನ ಹತ್ತಿರ. ತಂದೆಯಿಲ್ಲದ ಅವಳನ್ನು ಸಾಕಿ ಓದಿಸಿದವರು ಅವರೇ. ಅವರು ಹೂಂ ಅನ್ನದೆ ಅವಳು ಹೆಜ್ಜೆ ಎತ್ತುವುದಿಲ್ಲ. ಇಡೀ ಬಳಗದಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವ ಕೆಲಸವೂ ಅವರದೇ. ಹುಡುಗನನ್ನು ಅವರು ಆಮೇಲೆ ನೋಡುತ್ತಾರೆ. ಮೊದಲು ನೀರು, ಆಮೇಲೆ ಅಡುಗೆಮನೆ, ಕೊನೆಗೆ ನೆರೆಹೊರೆ. ನಮ್ಮ ಮನೆಗೂ ಬಂದು ಕೊಡ ಬಗ್ಗಿಸಿ ನೀರು ಕುಡಿದು ನೋಡಿದ್ದರು.

ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು. ರವಿವಾರ ಮಧ್ಯಾಹ್ನ ಅವರ ಮುಂದೆ ಹೋಗಿ ಕೂತೆವು.

"ಮನಿ ನೋಡದ ನಾ ಹೆಂಗ ಹೂಂ ಅನ್ಲಿ?" ಅಂದರು.

ಜರ್ಮನಿಗೆ ಹೋಗಿ ನೋಡುವುದು ಹೇಗೆ? ನಮ್ಮಾಕೆಯ ಜೊತೆ ಓದಿದ ಕನ್ನೊಳ್ಳಿಯ ಹುಡುಗಿಯೊಬ್ಬಳು ಅಲ್ಲೇ ನರ್ಸ್ ಆಗಿದ್ದಾಳೆ. ಅವಳಿಗೆ ವಿಡಿಯೊ ಕಾಲ್ ಮಾಡಿದೆವು. ಮಾವ ರುಮಾಲು ಸುತ್ತಿಕೊಂಡು, ಬೀಗರ ಮನೆಗೆ ಹೋದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಫೋನಿನ ಮುಂದೆ ಕೂತರು.

"ನಳಾ ಬಿಡವಾ."

ಬಿಟ್ಟಳು. ನೀರು ಧೋ ಎಂದಿತು.

"ಕುಡದು ತೋರಿಸು."

ಕುಡಿದಳು. ಮಾವ ತಲೆಯಾಡಿಸಿದರು. ಅಡುಗೆಮನೆ ನೋಡಿದರು, ಜೋಳದ ಹಿಟ್ಟಿನ ಡಬ್ಬಿ ತೆಗೆಸಿ ನೋಡಿದರು. ಕಿಟಕಿಯಾಚೆ ರಸ್ತೆ ನೋಡಿ, "ಮಂದಿ ಎಲ್ಲಿ ಹೋಗ್ಯಾರ, ಲಗ್ನಕ್ಕೇನು?" ಅಂದರು. ಆಮೇಲೆ ಕಡೆಯ ಪರೀಕ್ಷೆ.

"ರಾತ್ರಿ ನಿನಗ ಹೊಟ್ಟಿ ನೂಸ್ತಂದ್ರ ಯಾರ ಬರ್ತಾರ?"

"ಫೋನ್ ಮಾಡಿದ್ರ ಆಂಬುಲೆನ್ಸ್ ಬರ್ತೈತ್ರಿ ಮಾಮಾ."

"ಅದು ಗಾಡಿ ಆತು. ಮಂದಿ ಯಾರ ಬರ್ತಾರ?"

ಹುಡುಗಿ ಪಕ್ಕದ ಮನೆಯ ಗೋಡೆಯ ಕಡೆ ನೋಡಿದಳು. ನಮ್ಮಾಕೆ ನನ್ನ ಕೈ ಹಿಡಿದುಕೊಂಡಳು.

"ಬಾಜೂ ಮನಿ ಬಾಗಲಾ ಬಡಿ, ನೋಡೂಣು."

"ಇವತ್ತ ರವಿವಾರ್ರಿ ಮಾಮಾ. ಇಲ್ಲಿ ರವಿವಾರ ಸಪ್ಪಳ ಮಾಡಬಾರ್ದ್ರಿ."

"ಹೊಟ್ಟಿನೂ ರವಿವಾರ ಬಿಟ್ಟು ನೂಸ್ತೈತೇನ?"

ಹುಡುಗಿಗೆ ರೋಷ ಬಂತು. "ಎಲ್ಲಾ ನಂದ ನೋಡ್ತೀರಲ್ಲ, ಈಗ ನಿಮ್ಮ ಮನಿ ತೋರಸ್ರಿ. ನಳಾ ಬಿಡ್ರಿ."

ಮಾವ ಮಾತಿಗೆ ತಪ್ಪುವವರಲ್ಲ. ಎದ್ದು ಹೋಗಿ ನಲ್ಲಿ ತಿರುಗಿಸಿದರು. ಸುಂಯ್ ಎಂದು ಗಾಳಿ ಬಂತು.

"ಇವತ್ತ ನಮ್ಮ ಓಣಿ ನೀರಿನ ಪಾಳಿ ಅಲ್ಲವ್ವಾ," ಎಂದು ಮೆಲ್ಲಗೆ ಹೇಳಿದರು.

"ಬಾಜೂ ಮನಿಯವರನ್ನ ತೋರಸ್ರಿ."

ಮಾವ ಫೋನು ತಿರುಗಿಸಿದರು. ಯಾರ ಬಾಗಿಲನ್ನೂ ಬಡಿಯಬೇಕಾಗಿರಲಿಲ್ಲ. ಜರ್ಮನಿ ನೋಡಲೆಂದು ಇಡೀ ಓಣಿ ಆಗಲೇ ನಮ್ಮ ಬೆನ್ನ ಹಿಂದೆ ನಿಂತಿತ್ತು. ಕೈಯಲ್ಲಿ ರೊಟ್ಟಿಹಿಟ್ಟು ಮೆತ್ತಿಕೊಂಡೇ ಬಂದಿದ್ದ ಪಕ್ಕದ ಮನೆಯ ಅಜ್ಜಿ ಎಲ್ಲರನ್ನೂ ಸರಿಸಿ ಮುಂದೆ ಬಂದು, "ನಿನ್ನ ಲಗ್ನ ಆಗೇತೇನವಾ?" ಎಂದು ಕೇಳಿದರು.

ಹುಡುಗಿ ಜೋರಾಗಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಎಲ್ಲಾರೂ ಹಂಗ ನಿಂದರ್ರಿ. ಸ್ವಲ್ಪ ಹೊತ್ತು ನೋಡ್ತೇನಿ," ಅಂದಳು. ಓಣಿಯವರು ಫೋಟೊ ತೆಗೆಸಿಕೊಳ್ಳುವವರ ಹಾಗೆ ಅಲುಗಾಡದೆ ನಿಂತರು.

ಫೋನು ಇಟ್ಟ ಮೇಲೆ ಮಾವ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ನೀರು ಐತಿ, ಕೆಲಸಕ್ಕ ಕಿಮ್ಮತ್ತೂ ಐತಿ. ನಮ್ಮ ಹುಡುಗಿ ಹೋಗ್ಲಿ," ಎಂದರು ಕೊನೆಗೆ.

ಹುಡುಗಿ ಹೋಗಲಿ ಅಂದರು, ನನ್ನ ಹೆಸರೇ ಎತ್ತಲಿಲ್ಲ. ನಾಚಿಕೆ ಬಿಟ್ಟು ಕೇಳಿದೆ. "ಮಾಮಾ, ನಾ ಅಲ್ಲಿ ಹೋಗಿ ಏನ್ ಮಾಡ್ಲಿ?"

ಮಾವ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು.

"ಇಷ್ಟ್ಹೊತ್ತು ಏನ್ ನೋಡಿದ್ರಿ ಅಳಿಯಂದ್ರ? ಆ ಊರಾಗ ಬಾಗಲಾ ತಗಿಯಾಕ ಮಂದಿ ಇಲ್ಲ. ಇಕಿ ದುಡದು ದಣದು ಬಂದು ಬಾಗಲಾ ಬಡೀತಾಳ. ನೀವು ತಗೀರಿ."

ಹಿಟ್ಟು ಮೆತ್ತಿದ ಕೈಯ ಅಜ್ಜಿಗೆ ಇದು ನಂಬಿಕೆಯಾಗಲಿಲ್ಲ. "ಅಯ್ಯ, ಅಷ್ಟ ಕೆಲಸಕ್ಕ ಆ ದೇಶದವರು ವೀಸಾ ಕೊಡ್ತಾರೇನು?"

"ಕೊಡ್ತಾರಬೇ," ಅಂದಳು ನಮ್ಮಾಕೆ, ನನ್ನ ಕೈ ಬಿಡದೆ. "ಅದಕ್ಕ ಗಂಡನ ವೀಸಾ ಅಂತಾರ."