ಒಂದು ಖಾಲಿ ತೋಟಾ ಕಡಿಮೆ

ನಾನು ಹುಟ್ಟಾ ಅನುಮಾನದ ಮನುಷ್ಯ. ಜಪಾನಿನ ನಗೋಯಾ ಹತ್ತಿರದ ಕಾರ್ಖಾನೆಗೆ ಕೆಲಸಕ್ಕೆ ಬಂದಮೇಲೂ ಆ ಗುಣ ಬಿಡಲಿಲ್ಲ. ಕೊರೊನಾ ಬಂದು ಊರಿಗೂರೇ ಮುಖ ಮುಚ್ಚಿಕೊಂಡಮೇಲಂತೂ ಕೇಳಲೇಬೇಡಿ. ಇಂಥವನಿಗೆ ಇಂಥವೇ ಗಂಟುಬೀಳುತ್ತವೆ.

೧. ಬಾಗಿಲಿಗೆ ಪೊಲೀಸ್

ಒಂದು ಶನಿವಾರ ಪೊಲೀಸಿನವನು ಬಂದ. ಪಕ್ಕದ ಮನೆಯ ಅಜ್ಜ ಕೋವಿಯ ಲೈಸೆನ್ಸ್ ನವೀಕರಣಕ್ಕೆ ಅರ್ಜಿ ಹಾಕಿದ್ದಾರೆ, ನೆರೆಯವರನ್ನು ವಿಚಾರಿಸುವುದು ಇಲ್ಲಿನ ಪದ್ಧತಿ ಎಂದ. ದಿನಾ ಬಗ್ಗಿ ನಮಸ್ಕರಿಸುವ ಅಜ್ಜನ ಹತ್ತಿರ ಕೋವಿ ಇದೆಯೆಂದು ನನಗೆ ತಿಳಿದದ್ದೇ ಆಗ.

"ಈ ಸುತ್ತ ಅನುಮಾನ ಬರೋಂಥವರು ಯಾರಾದ್ರೂ ಇದ್ದಾರಾ?"

"ಇಲ್ಲ. ನಾನು ಕಿಟಕಿಯಿಂದ ನೋಡ್ತಾನೇ ಇರ್ತೀನಿ."

"ಅಜ್ಜ ಹೆಂಡತಿ ಜೊತೆ ಜಗಳ ಆಡ್ತಾರಾ?"

"ಒಂದು ದಿನಾನೂ ಕೇಳಿಲ್ಲ," ಎಂದೆ. "ಅದೇ ನನಗೆ ಅನುಮಾನ."

೨. ಗೇಟಿನ ಹತ್ತಿರ

ಮರುವಾರ ಅಜ್ಜನೇ ಬಂದರು. ಕಾಯಿಲೆ ಮಕ್ಕಳ ತಂದೆತಾಯಿ ಉಳಿದುಕೊಳ್ಳಲು ಆಸ್ಪತ್ರೆಯ ಪಕ್ಕ ಒಂದು ಮನೆಯಿದೆಯಂತೆ. ಕೊರೊನಾದಿಂದ ಸಂತೆ, ಸಂಗೀತ ಎಲ್ಲ ನಿಂತು ಅದಕ್ಕೆ ದೇಣಿಗೆಯೇ ಇಲ್ಲ. ಕೋವಿಯ ಶೂಟಿಂಗ್ ಆದರೆ ಬಯಲಿನಲ್ಲಿ, ದೂರ ದೂರ ನಿಂತು ಆಡುವುದು. ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಪಂದ್ಯ ನಡೆಸಿ ಹಣ ಕೂಡಿಸುತ್ತೇವೆ, ಸಹಾಯಕ್ಕೆ ಬನ್ನಿ ಎಂದರು.

"ಗುಂಡು ಹಾರಿಸಿ ಮಕ್ಕಳಿಗೆ ಸಹಾಯ ಮಾಡೋರನ್ನ ಎಲ್ಲಾದ್ರೂ ಕಂಡಿದೀಯಾ? ಏನೋ ಮಸಲತ್ತಿದೆ," ಎಂದೆ ಹೆಂಡತಿಗೆ.

"ಹೋಗಿ ನೋಡ್ಕೊಂಡ್ ಬನ್ನಿ. ಮನೇಲಾದ್ರೂ ಶಾಂತಿ ಇರುತ್ತೆ."

ಸೈಕಲ್ ಹತ್ತಿ ಹೋದೆ. ಆ ಮನೆ ನಿಜವಾಗಿಯೂ ಇತ್ತು. ಗೇಟಿನಲ್ಲಿ ಬಂದವರ ಜ್ವರ ನೋಡುತ್ತಿದ್ದ ಒಬ್ಬ ತಾಯಿ, ಮೊದಲು ಕಾರಿನಲ್ಲೇ ಮಲಗುತ್ತಿದ್ದೆ, ದುಡ್ಡು ಸೇರದಿದ್ದರೆ ಈ ಮನೆ ಮುಚ್ಚುತ್ತಾರಂತೆ ಎಂದಳು. ನನಗೆ ನಾಚಿಕೆಯಾಯಿತು. ಆದರೂ ಒಂದು ಸಮಾಧಾನ: ಇಷ್ಟು ಹೇಳುವ ಮೊದಲು ಆಕೆಯೂ ಅನುಮಾನದಿಂದ ನನ್ನ ಜ್ವರವನ್ನು ಎರಡು ಸಲ ನೋಡಿದ್ದಳು.

೩. ಲೆಕ್ಕ ತಪ್ಪಿತು

ಸಹಾಯಕ್ಕೆ ಹೋದ ನಾನು ಇಡೀ ದಿನ ಅಜ್ಜನ ಹಿಂದೆಯೇ ನಿಂತಿದ್ದೆ. ಪಂದ್ಯ ಮುಗಿಯಿತು. ಹಾರಿಸಿದ ತೋಟಾಗಳ ಖಾಲಿ ಕೆಂಪು ಚಿಪ್ಪುಗಳನ್ನೆಲ್ಲ ಎಣಿಸಿ ಒಪ್ಪಿಸಬೇಕು ಎಂಬುದು ಆ ಮೈದಾನದ ನಿಯಮ. ಒಂದು ಕಡಿಮೆ ಬಂತು. ಅದು ಸಿಗದಿದ್ದರೆ ಪಂದ್ಯ ರದ್ದು, ಕೂಡಿದ ಹಣವೆಲ್ಲ ವಾಪಸ್ ಎಂದ ಮೈದಾನದ ಮ್ಯಾನೇಜರ್. ಅಜ್ಜ ಹುಲ್ಲಿನಲ್ಲಿ ಮಂಡಿಯೂರಿ ತಡಕಾಡತೊಡಗಿದರು.

ಇದು ನನ್ನ ಕೆಲಸ ಎಂದುಕೊಂಡೆ. ಒಬ್ಬೊಬ್ಬರ ಜೇಬನ್ನೂ ಹೊರಗೆಳೆಸಿದೆ, ಚೀಲ ಬಿಚ್ಚಿಸಿದೆ. ಮ್ಯಾನೇಜರನ ಬೂಟನ್ನೂ ಬಿಡಲಿಲ್ಲ. ಆಗ, ನೋಡಲು ಬಂದಿದ್ದ ಅದೇ ತಾಯಿ ದೂರದಿಂದ, "ಸುಮಿಮಾಸೆನ್, ಕ್ಷಮಿಸಿ, ನಿಮ್ಮ ಜಾಕೆಟ್ಟಿನ ಟೋಪಿಯಲ್ಲಿ ಏನೋ ಕೆಂಪಗೆ ಕಾಣ್ತಿದೆ," ಎಂದಳು.

ಬಗ್ಗಿದೆ. ಬೆನ್ನ ಹಿಂದಿನ ಟೋಪಿಯಿಂದ ಚಿಪ್ಪು ನನ್ನ ಕಾಲ ಬಳಿಯೇ ಉರುಳಿತು. ಅಜ್ಜ ನನಗಿಂತಲೂ ಕೆಳಗೆ ಬಗ್ಗಿ, "ನನ್ನ ಕೋವಿಯಿಂದ ಹಾರಿದ್ದು, ಕ್ಷಮಿಸಿ," ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆ ಮನೆ ಮಾತ್ರ ಉಳಿಯಿತು.

ಮುಂದಿನ ಶನಿವಾರ ವಿಚಾರಣೆ ಮುಗಿಸಲು ಅದೇ ಪೊಲೀಸಿನವನು ಬಂದ. ನಾನು ಬಚ್ಚಲಲ್ಲಿದ್ದೆ. ಅದೇ ಪ್ರಶ್ನೆ ಕೇಳಿಸಿತು: "ಈ ಸುತ್ತ ಅನುಮಾನ ಬರೋಂಥವರು ಯಾರಾದ್ರೂ ಇದ್ದಾರಾ?"

"ಇದ್ದಾರೆ," ಎಂದಳು ನನ್ನ ಹೆಂಡತಿ. "ಸ್ನಾನ ಮಾಡ್ತಿದಾರೆ, ಕೂತ್ಕೊಳ್ಳಿ."